ಮೇಷ್ಟ್ರು ಕುಡಿಯುತ್ತಿರಲಿಲ್ಲ

ಹೋದ ತಿಂಗಳು ಅರಸೀಕೆರೆಯಲ್ಲಿ ರಕ್ತ ಪರೀಕ್ಷೆಗೆ ಕೂತಿದ್ದೆ. ಹುಡುಗಿ ಹತ್ತಿಯಿಂದ ತೋಳು ಒರೆಸಿದಳು. ಆ ಸ್ಪಿರಿಟ್ ವಾಸನೆಗೆ ಪಕ್ಕದ ಮನೆಯ ಮೇಷ್ಟ್ರು ನೆನಪಾದರು.

ಐವತ್ತರ ದಶಕದ ಕೊನೆ. ಮೇಷ್ಟ್ರು ಬಸ್ತಿಹಳ್ಳಿ ಶಾಲೆಯಲ್ಲಿದ್ದರು. ನಾನು ಹಳೇಬೀಡಿನ ಸುತ್ತ ತೆಂಗಿನಕಾಯಿ ಕೊಂಡು ಅರಸೀಕೆರೆಗೆ ಸಾಗಿಸುತ್ತಿದ್ದೆ. ಓದು ನಾಲ್ಕನೇ ಕ್ಲಾಸು, ಬಾಯಿ ಮಾತ್ರ ಚುರುಕು. ಮೇಷ್ಟ್ರಿಗೆ ಸದಾ ನಿಶ್ಶಕ್ತಿ. ಬೇಲೂರಿನ ಕಾಂಪೌಂಡರೊಬ್ಬ ಶಕ್ತಿಗೆ ಇಂಜೆಕ್ಷನ್ ಕೊಡುತ್ತಾನೆಂದು ನಾನೇ ಕರೆದುಕೊಂಡು ಹೋದೆ. ಆಮೇಲೆ ಪ್ರತಿ ಶನಿವಾರ ಮಧ್ಯಾಹ್ನ ಇಬ್ಬರೂ ಹೋಗಿ ಚುಚ್ಚಿಸಿಕೊಂಡು ಬರುತ್ತಿದ್ದೆವು. ಹಾಲು, ಬೇಳೆಯಿಂದ ಬರದ ಶಕ್ತಿ ಸೂಜಿಯಿಂದ ಬರುತ್ತದೆಂದು ನಂಬಿದ್ದ ಕಾಲ.

ಇದ್ದದ್ದು ಒಂದೇ ಸೂಜಿ. ಒಬ್ಬರಿಗೆ ಚುಚ್ಚಿದ ಮೇಲೆ ಕಾಂಪೌಂಡರ್ ಅದನ್ನು ಸ್ಟೌವಿನ ಮೇಲೆ ಕುದಿಸುತ್ತಿದ್ದ. ಒಂದು ದಿನ ನಮ್ಮ ಮುಂದೆ ನಾಲ್ಕು ಜನ. ಬಸ್ಸಿಗೆ ಹೊತ್ತಾಗಿತ್ತು. ನಾನು ಚೌಕಾಸಿಗಿಳಿದೆ.

“ಒಬ್ಬೊಬ್ರಿಗೂ ಕುದಿಸ್ತಾ ಕೂತ್ರೆ ನಾವು ಊರು ಸೇರೋದು ಯಾವಾಗ ಸ್ವಾಮಿ? ಸ್ಪಿರಿಟ್‌ನಲ್ಲಿ ಒರೆಸಿ ಚುಚ್ಚಿ, ಸಾಕು.”

“ಕುದಿಸ್ಲಿ ಬಿಡಯ್ಯ,” ಅಂದರು ಮೇಷ್ಟ್ರು. “ಇನ್ನೊಂದು ಬಸ್ಸಿಗೆ ಹೋದ್ರಾಯ್ತು.”

ಕಾಂಪೌಂಡರ್ ಗೊಣಗುತ್ತಲೇ ನನ್ನ ಮಾತಿಗೆ ಒಪ್ಪಿ, ಕುದಿಸದೆ ಒರೆಸಿ ಚುಚ್ಚಿದ. ನಮಗೆ ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು...

ಎರಡು ಮೂರು ತಿಂಗಳಿಗೆ ಮೇಷ್ಟ್ರಿಗೆ ಕಾಮಾಲೆ ಬಂತು, ಹೋಯಿತು. ಏಳೆಂಟು ವರ್ಷದ ಮೇಲೆ ಕೈಕಾಲು ಕಡ್ಡಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿತು. ಹಾಸನದ ಡಾಕ್ಟರು ಲಿವರ್ ಕೆಟ್ಟಿದೆ ಎಂದವರೇ, ಎಷ್ಟು ವರ್ಷದಿಂದ ಕುಡಿಯುತ್ತೀರಿ ಎಂದು ಕೇಳಿದರಂತೆ. ಆ ಪ್ರಶ್ನೆ ಮೇಷ್ಟ್ರಿಗಿಂತ ಮೊದಲು ಊರು ತಲುಪಿತು.

ಹಳೇಬೀಡಿನ ಹೋಟೆಲಿನಲ್ಲಿ ತೋಟದವನೊಬ್ಬ ಪಕ್ಕದವನಿಗೆ, “ಬ್ರಾಂದಿ ಹೊಟ್ಟೆ ಕಣ್ಲಾ ಅದು. ಶನಿವಾರ ಶನಿವಾರ ಬೇಲೂರಿಗೆ ಯಾಕೆ ಹೋಯ್ತಿದ್ರು ಅಂದ್ಕಂಡೆ?” ಅಂದ. ಎಲ್ಲರೂ ನಕ್ಕರು. ಯಾಕೆ ಹೋಗುತ್ತಿದ್ದೆವೆಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕೂತವರೆಲ್ಲ ನನಗೆ ಕಾಯಿ ಕೊಡುವವರು. ನಾನೂ ನಕ್ಕೆ.

ಮನೆಪಾಠಕ್ಕೆ ಮಕ್ಕಳು ಬರುವುದು ನಿಂತಿತು. ಮೇಷ್ಟ್ರು ನನ್ನನ್ನು ಕರೆಸಿದರು.

“ನೀನು ಜೊತೇಲಿದ್ದೆ. ನಾನು ಕುಡಿಯೋನಲ್ಲ ಅಂತ ನೀನಾದ್ರೂ ಹೇಳಯ್ಯ.”

ಹೇಳ್ತೀನಿ ಅಂದೆ. ಇವತ್ತು ನಾಳೆ ಅಂದುಕೊಂಡೆ... ಬೇಸಿಗೆ ರಜೆಗೆ ಮುಂಚೆಯೇ ಅವರು ತೀರಿಕೊಂಡರು.

ಹೋದ ತಿಂಗಳ ನನ್ನ ರಕ್ತದ ರಿಪೋರ್ಟ್ ನೋಡಿದ ಡಾಕ್ಟರು, ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ನಿಮಗೆ ಯಾವಾಗಲೋ ಬಂದು ವಾಸಿಯಾಗಿದೆ ಎಂದರು. ಸೂಜಿಯ ವಿಷಯ, ಮೇಷ್ಟ್ರ ವಿಷಯ ಹೇಳಿದೆ. ಇಬ್ಬರಿಗೂ ಅದರಿಂದಲೇ ಬಂದಿರಬಹುದು, ಈಗ ಖಚಿತವಾಗಿ ಹೇಳಲಾಗದು ಎಂದರು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ.

ಓದುವವರಿಗೆ ಒಂದು ಮಾತು. ಕುಡಿತ ಲಿವರ್ ಕೆಡಿಸುತ್ತದೆ, ಬಿಟ್ಟುಬಿಡಿ. ಆದರೆ ಲಿವರ್ ಕೆಟ್ಟವರೆಲ್ಲ ಕುಡುಕರಲ್ಲ. ಬೊಜ್ಜು, ಸಕ್ಕರೆ ಕಾಯಿಲೆಯಿಂದಲೂ ಕೆಡುತ್ತದೆ. ಶಕ್ತಿಗೆಂದು ಇಂಜೆಕ್ಷನ್ ಕೇಳಿ ಹಾಕಿಸಿಕೊಳ್ಳಬೇಡಿ. ಬೇಕೇಬೇಕಾದರೆ ಹೊಸ ಸೂಜಿಯ ಪೊಟ್ಟಣ ಕಣ್ಣೆದುರೇ ಒಡೆಸಿ. ಕ್ಷೌರಕ್ಕೆ ಹೊಸ ಬ್ಲೇಡು ಕೇಳಿ. ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಇದರಲ್ಲಿ ಚೌಕಾಸಿ ಬೇಡ.

ಮೊನ್ನೆ ಹಳೇಬೀಡಿಗೆ ಹೋಗಿದ್ದೆ. ಹೋಟೆಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ, ಅಂದು ಬ್ರಾಂದಿ ಹೊಟ್ಟೆ ಅಂದವನ ಮೊಮ್ಮಗನದು. ಮೇಷ್ಟ್ರು ಕುಡಿಯುತ್ತಿರಲಿಲ್ಲ ಕಣಪ್ಪ, ಅಂದೆ.

“ಯಾವ ಮೇಷ್ಟ್ರು ತಾತ?”

ಹೆಸರು ಹೇಳಿದೆ. ಅವನಿಗೆ ಗೊತ್ತಾಗಲಿಲ್ಲ.