ಚಳುಕು ಎಂಬ ಸಣ್ಣ ಮಾತು

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಹರಳೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸುತ್ತಿದ್ದರು. ಆ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೆ ಬಂತು. ಒಲೆಯ ಮೇಲೆ ಹಾಲಿಟ್ಟಿದ್ದೆ. ಅದನ್ನು ಹಾಗೇ ಬಿಟ್ಟು ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡೆ. ಹಾಲು ಉಕ್ಕಿ ಹೋಯಿತು. ಸೊಸೆ ನಕ್ಕಳು, ನಗಲಿ. ಆ ವಾಸನೆ ಮೂಗಿಗೆ ಬಡಿದರೆ ನನ್ನ ಅಂಗಾಲು ಜಿಡ್ಡಾಗುತ್ತದೆ, ಈ ವಯಸ್ಸಿನಲ್ಲೂ. ಜಿಡ್ಡಿನ ಹಿಂದೆಯೇ ಸಿಟ್ಟು ಬರುತ್ತದೆ. ಇಷ್ಟು ವರ್ಷಕ್ಕೆ ಸಿಟ್ಟು ಆರಬೇಕಿತ್ತು ಎನ್ನುತ್ತಾರೆ. ಯಾಕೆ ಆರಬೇಕು, ನೀವೇ ಹೇಳಿ.

ಹಿಂದೂಪುರದಲ್ಲಿ ನಮ್ಮದು ಬೆಲ್ಲ, ಹುಣಸೆಹಣ್ಣಿನ ಮಂಡಿಯ ಮನೆ. ಮುಂದೆ ಮಂಡಿ, ಹಿಂದೆ ಮನೆ, ನಡುವೆ ಕಲ್ಲುಹಾಸಿನ ಅಂಗಳ. ಮಾಘ ಕಳೆದರೆ ಅಂಗಳದ ತುಂಬ ಹುಣಸೆಹಣ್ಣು. ಹೆಂಗಸರೆಲ್ಲ ಕೂತು ಬೀಜ ಬಿಡಿಸುತ್ತಿದ್ದರೆ ಇಡೀ ಮನೆ ಹುಳಿಹುಳಿಯಾಗಿ ಘಮ್ಮೆನ್ನುತ್ತಿತ್ತು. ಯಜಮಾನರು ತಾತ. ಹಣೆ ತುಂಬ ವಿಭೂತಿ, ಬಾಯಿ ತುಂಬ ಅಪ್ಪಣೆ. ಅಪ್ಪ, ಚಿಕ್ಕಪ್ಪ ಇಬ್ಬರೂ ಮಂಡಿಯಲ್ಲೇ ದುಡಿಯುತ್ತಿದ್ದರು. ತಾತನ ಎದುರು ಇಬ್ಬರಿಗೂ ಬಾಯಿಲ್ಲ. ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದ ನನ್ನನ್ನು ಹೆತ್ತು ಅಮ್ಮ ಮತ್ತೆ ಮೇಲೇಳಲಿಲ್ಲ. ನನ್ನನ್ನು ಸಾಕಿದವಳು ಚಿಕ್ಕಪ್ಪನ ಹೆಂಡತಿ, ಕಲ್ಯಾಣದುರ್ಗದಿಂದ ಬಂದ ನಮ್ಮ ಸಣ್ಣಮ್ಮ. ಅವಳ ಹೊಟ್ಟೆಯಲ್ಲಿ ಮಕ್ಕಳಾಗಿರಲಿಲ್ಲ. ನನಗೆ ತಲೆ ಬಾಚಿ, ಹುಣಸೆಚಿಗುರಿನ ಸಾರಿನಲ್ಲಿ ಮುದ್ದೆ ಮುರಿದು ಕೊಟ್ಟು, ನಾನು ಹೋಗುತ್ತಿದ್ದ ತೆಲುಗು ಬಡಿಯ, ಅಂದರೆ ಶಾಲೆಯ, ಪದ್ಯಗಳನ್ನು ನನ್ನ ಜೊತೆ ತಾನೂ ಬಾಯಿಪಾಠ ಮಾಡಿದವಳು ಅವಳೇ.

ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಚಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೀಗಾಗಿ ನನಗೆ ನಡೆಯಲು ಬಂದಾಗಿನಿಂದ ಕೇರಿಯಲ್ಲಿ ಬೇಡಿಕೆಯೋ ಬೇಡಿಕೆ! ಕೊಡ ಎತ್ತುವಾಗ ಸೊಂಟ ಹಿಡಿಯಿತೇ, ಅದು ಚಳುಕು. ದಿಂಬಿಲ್ಲದೆ ಮಲಗಿ ಕತ್ತು ತಿರುಗದಾಯಿತೇ, ಅದೂ ಚಳುಕು. ಹೊಸ್ತಿಲ ಮುಂದೆ ಬೋರಲು ಮಲಗುತ್ತಿದ್ದರು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆ ಸವರಿದ ಕಡೆ ನಾನು ಎಡಗಾಲಿನ ಹಿಮ್ಮಡಿಯಲ್ಲಿ ಮೂರು ಸಲ ಒತ್ತಬೇಕು, ಬರಿ ಹೊಟ್ಟೆಯಲ್ಲಿ, ಮೂರು ಬೆಳಿಗ್ಗೆ. ಆಮೇಲೆ ಕೈಗೆ ಕೊಬ್ಬರಿ ಸಕ್ಕರೆ. "ಏನು ಕಾಲ್ಗುಣ ಕಣಮ್ಮ ಈ ಮಗೀದು!" ಎನ್ನುತ್ತಿದ್ದರು. ತಾಯಿಯನ್ನು ನುಂಗಿದ ಕಾಲು ಎಂದು ಒಬ್ಬರೂ ಅನ್ನಲಿಲ್ಲ. ಬೆನ್ನು ತುಳಿಸಿಕೊಳ್ಳಬೇಕಿತ್ತಲ್ಲ, ಅದಕ್ಕೆ.

ಆ ಮಾತನ್ನು ನಮ್ಮ ಮನೆಯಲ್ಲಿ ಎಲ್ಲದಕ್ಕೂ ಬಳಸುತ್ತಿದ್ದರು. ತಣ್ಣೀರು ತಾಗಿ ಹಲ್ಲು ಚಳ್ ಎಂದರೆ ಚಳುಕು. ಕೆಟ್ಟ ಸುದ್ದಿ ಕೇಳಿ ಎದೆಯಲ್ಲಿ ಏನೋ ಮುರಿದರೆ ಚಳುಕು. ಸೊಸೆಗೆ ಹೊಸ ಸೀರೆ ತರಬೇಕೆಂದರೆ "ನಿಮ್ಮಜ್ಜಿಗೆ ಚಳುಕು ಹಿಡೀತು ನೋಡು" ಎಂದು ಹೆಂಗಸರು ಮುಸಿಮುಸಿ ನಗುತ್ತಿದ್ದರು. ಇನ್ನೊಂದು ಮಾತಿತ್ತು, ಶೂಲೆ. ಅದು ತಾತನ ಮಾತು. ಹೋಳಿಗೆ ಹೆಚ್ಚಾಗಿ ತಾತನ ಹೊಟ್ಟೆ ಕಿವುಚಿದರೆ "ಶೂಲೆ ಬಂದ್ಬುಟ್ಟೈತೆ!" ಎಂದು ಅಜ್ಜಿ ಕೂಗುತ್ತಿದ್ದಳು, ಜಟಕಾ ಓಡಿ ಬರುತ್ತಿತ್ತು, ಆಸ್ಪತ್ರೆಯ ಔಷಧಿ ಬಾಟಲಿ ಗೋಡೆಯ ಗೂಡಿನಲ್ಲಿ ಕೂರುತ್ತಿತ್ತು. ಆ ಮನೆಯಲ್ಲಿ ಒಬ್ಬ ಹೆಂಗಸಿಗೂ ಶೂಲೆ ಬಂದದ್ದು ನಾನು ಕೇಳಲಿಲ್ಲ. ಹೆಂಗಸರಿಗೆ ಬರುತ್ತಿದ್ದದ್ದು ಚಳುಕು ಮಾತ್ರ.

ನನಗೆ ಒಂಬತ್ತು ವರ್ಷವಿದ್ದಾಗ, ಹುಣಸೆಹಣ್ಣಿನ ಕಾಲದಲ್ಲೇ, ಸಣ್ಣಮ್ಮ ಬೀಜ ಬಿಡಿಸುತ್ತಿದ್ದವಳು ಬಲಗಡೆ ಕಿಬ್ಬೊಟ್ಟೆ ಹಿಡಿದು ಬಾಗಿದಳು. "ಮೂಟೆ ಎಳೆದಿರ್ತೀಯ, ಚಳುಕು ಅದು" ಎಂದಳು ಅಜ್ಜಿ. ಸಣ್ಣಮ್ಮನೂ "ಊಂ, ಚಳುಕೇ ಇರ್ಬೇಕು" ಎಂದಳು. ಅವಳಿಗೆ ಕೊಟ್ಟಿದ್ದ ಮಾತು ಅದೊಂದೇ. ಮಾರನೆಯ ಬೆಳಿಗ್ಗೆ ಅಜ್ಜಿ ಎಣ್ಣೆ ಕಾಯಿಸಿ ನನ್ನನ್ನು ಕರೆದಳು. "ಬಾರೆ, ನಿಮ್ಮ ಸಣ್ಣಮ್ಮಂಗೆ ಒಂದೀಟು ತುಳಿದ್ಬುಡು." ನೋವಿದ್ದದ್ದು ಬೆನ್ನಿನಲ್ಲಲ್ಲ. ಆದರೂ ತುಳಿದೆ, ಎಡಮಗ್ಗುಲಾಗಿ ಮಲಗಿಸಿ ಬಲಪಕ್ಕೆಯ ಕೆಳಗೆ. ನನಗೆ ಅದು ಹೆಮ್ಮೆ; ಊರಿಗೆಲ್ಲ ವಾಸಿ ಮಾಡುವ ಕಾಲು ನಮ್ಮ ಸಣ್ಣಮ್ಮನಿಗೆ ಮಾಡದೆ ಇರುತ್ತದೆಯೇ! ಎರಡನೆಯ ದಿನ ಅವಳಿಗೆ ಜ್ವರ ಬಂತು, ತಿಂದದ್ದೆಲ್ಲ ಹೊರಗೆ ಬಂತು. ಹಿತ್ತಿಲ ಗೋಡೆಯಾಚೆಯ ಸುಬ್ಬಮ್ಮ, ತೆಲುಗಿನವರು, ಮಜ್ಜಿಗೆಗೆ ಬಂದವರು ನೋಡಿ ಗಾಬರಿಯಾದರು. "ಇದಿ ಚಳುಕು ಕಾದಮ್ಮಾ, ಪೋಟು. ಆಸ್ಪತ್ರಿಕಿ ತೀಸ್ಕಪೋಂಡಿ" ಎಂದರು. ಚಳುಕಲ್ಲ, ಈಟಿ ತಿವಿದಂಥ ನೋವು, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು. ಅಜ್ಜಿ ಮುಖ ಸಿಂಡರಿಸಿದಳು. "ಅವರ ಮಾತಲ್ಲಿ ಎಲ್ಲಾ ದೊಡ್ಡದು ಕಣಮ್ಮ!" ಆಸ್ಪತ್ರೆ ಎಷ್ಟು ದೂರ ಗೊತ್ತೇ? ಬಜಾರು ದಾಟಿದರೆ ಅದರ ಬೇವಿನ ಮರ ಕಾಣುತ್ತಿತ್ತು.

ಆದರೂ ಸುಬ್ಬಮ್ಮನ ಮಾತು ತಾತನ ಕಿವಿಗೆ ಬಿದ್ದಿರಬೇಕು. ಮೂರನೆಯ ಬೆಳಿಗ್ಗೆ ಜಟಕಾ ಬಾಗಿಲಿಗೆ ಬಂತು. ಒಳಗೆ ನನ್ನ ಮೂರನೆಯ ದಿನದ ತುಳಿತ ನಡೆದಿತ್ತು. ಹಿಮ್ಮಡಿ ಒತ್ತಿದಾಗ ಸಣ್ಣಮ್ಮ ಹಲ್ಲು ಕಚ್ಚಿ ನನ್ನ ಲಂಗದ ಅಂಚು ಹಿಡಿದಳು. ಆಮೇಲೆ ಹಿಡಿತ ಸಡಿಲಾಯಿತು. ಮುಖ ಬೆವರಿತ್ತು, ಆದರೆ ನಕ್ಕಳು. "ಹೋಯ್ತು ಕಣಮ್ಮ, ಹೋಯ್ತು. ನೀನು ಬಡಿಗೆ ಹೋಗು" ಎಂದಳು. ನಾನು ಬೀದಿಗೆ ಓಡಿದೆ. ಜಟಕಾದ ಪಕ್ಕ ನಿಂತಿದ್ದ ತಾತನಿಗೆ ಕೂಗಿ ಹೇಳಿದೆ, "ತಾತಾ, ಸಣ್ಣಮ್ಮನ ಚಳುಕು ಹೋಯ್ತಂತೆ!" ತಾತನ ಮುಖ ಅರಳಿತು. "ಭೇಷ್" ಎಂದು ನನ್ನ ತಲೆ ಸವರಿ, ಬೆಲ್ಲದ ಎರಡು ಮೂಟೆ ಅದೇ ಜಟಕಾದಲ್ಲಿ ಹಾಕಿಸಿಕೊಂಡು ರೈಲ್ವೆ ಸ್ಟೇಷನ್ನಿಗೆ ಹೋದರು. ಒಳಗೆ ಹೋಗಿ ಸೊಸೆಯ ಮುಖ ನೋಡಬೇಕು ಎಂದು ಅವರಿಗೂ ಅನ್ನಿಸಲಿಲ್ಲ, ಅಂಗಳದಲ್ಲೇ ನಿಂತಿದ್ದ ಅವಳ ಗಂಡನಿಗೂ ಅನ್ನಿಸಲಿಲ್ಲ.

ಮಾರನೆಯ ಮಧ್ಯಾಹ್ನ ಅವಳು ಹೋದಳು. ಎಷ್ಟೋ ವರ್ಷದ ಮೇಲೆ ಒಬ್ಬ ಡಾಕ್ಟರು ನನಗೆ ಹೇಳಿದರು: ಅಪೆಂಡಿಕ್ಸ್ ಒಡೆದಾಗ ಸ್ವಲ್ಪ ಹೊತ್ತು ನೋವು ನಿಂತ ಹಾಗೆ ಆಗುತ್ತದಂತೆ. ಸಣ್ಣಮ್ಮ ನನ್ನ ಸಂತೋಷಕ್ಕೆ ಸುಳ್ಳು ಹೇಳಿದಳೋ, ನನ್ನ ಹಿಮ್ಮಡಿಯ ಕೆಳಗೇ ಅದು ಒಡೆದು ನೋವು ನಿಜವಾಗಿ ನಿಂತಿತೋ, ನನಗೆ ಗೊತ್ತಿಲ್ಲ. ಯಾವುದಾಗಿದ್ದರೂ ನನಗೆ ನೆಮ್ಮದಿಯಿಲ್ಲ.

ಕಲ್ಯಾಣದುರ್ಗದಿಂದ ಅವಳ ತಾಯಿ ಆ ಕಾಲದ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಬಂದು ಇಳಿಯುವ ಹೊತ್ತಿಗೆ ಮಣ್ಣು ಮಾಡಿ ಬಂದಾಗಿತ್ತು. ಹೆತ್ತವಳಿಗೆ ಮುಖ ತೋರಿಸಲು ಒಂದು ಹೊತ್ತು ಕಾಯಲಿಲ್ಲ ನಮ್ಮವರು! ಆ ಅಜ್ಜಿ ಸೆರಗಿನ ಮಸಿಯನ್ನೂ ಕೊಡವದೆ ಅಂಗಳದಲ್ಲಿ ನಿಂತು ಕೇಳಿದರು, "ನನ್ನ ಮಗಳಿಗೆ ಏನಾಗಿತ್ತಪ್ಪ?" ತಾತ ನೆಲ ನೋಡುತ್ತಾ "ಏನೋ ಚಳುಕು ಅಂತಿದ್ಲು" ಎಂದರು. ಚಿಕ್ಕಪ್ಪ ತೂಕದ ಕಲ್ಲುಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಾ ಕೂತಿದ್ದರು. ನಾನು ಮೂಟೆಗಳ ಸಂದಿಯಿಂದ ಎದ್ದು ಬಂದು ಎಲ್ಲ ಹೇಳಿಬಿಟ್ಟೆ. ತುಳಿದದ್ದು ನಾನು, ಹೋಯ್ತು ಎಂದು ಕೂಗಿದ್ದು ನಾನು, ಜಟಕಾ ಹೋದದ್ದು ನನ್ನ ಮಾತಿಗೆ. ಹೊಡೆಯಲಿ ಎಂದೇ ಎದುರು ನಿಂತೆ.

ಅವರು ಹೊಡೆಯಲಿಲ್ಲ. ನನ್ನ ಕಾಲು ನೋಡಿದರು. ಎಣ್ಣೆಗೆ ಬೂದಿ ಮಣ್ಣು ಮೆತ್ತಿ ಕರ್ರಗಾಗಿತ್ತು. ಎರಡು ದಿನದಿಂದ ಆ ಮನೆಯಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ. ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ, ಸೀಗೆಪುಡಿ ಹಚ್ಚಿ, ಬೆರಳ ಸಂದಿ ಸಂದಿಯನ್ನೂ ಉಜ್ಜಿ ತೊಳೆದರು. ತೊಳೆಯುತ್ತಲೇ ಅಂಗಳದವರಿಗೆಲ್ಲ ಕೇಳುವ ಹಾಗೆ ಹೇಳಿದರು:

"ನಿನ್ನ ಕಾಲಲ್ಲಿ ಏನೂ ತಪ್ಪಿಲ್ಲ ಕಣಮ್ಮ. ಬಜಾರು ದಾಟಿದ್ರೆ ಆಸ್ಪತ್ರೆ. ಇವರ ಕಾಲೆಲ್ಲ ಎಲ್ಲಿ ಹೋಗಿದ್ವು, ಕೇಳು."