ಮದರ್ ತೋರಿಸದ ಕೊನೆಯ ರೀಲು

ಹಾಸನದ ನಮ್ಮ ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ ರಜೆಯ ಹಿಂದಿನ ಸಂಜೆ ಪ್ರತಿವರ್ಷ ಅದೇ ಇಂಗ್ಲಿಷ್ ಸಿನಿಮಾ. ಡೈನಿಂಗ್ ಹಾಲಿನ ಗೋಡೆಗೆ ಬಿಳಿ ಬೆಡ್‌ಶೀಟು, ಹಿಂದೆ ಗರಗರ ಎನ್ನುವ ಪ್ರೊಜೆಕ್ಟರು. ಹಿಮ ಬೀಳುವ ಯಾವುದೋ ದೇಶದ ಒಂದು ಮನೆ. ಹಬ್ಬದ ದಿನ ಸೌದೆ ತರಲು ಹೋದ ಮಗ ಹಿಂದಿರುಗುವುದಿಲ್ಲ. ತಾಯಿ ಪ್ರತಿ ಕ್ರಿಸ್‌ಮಸ್‌ಗೂ ಅವನ ಕುರ್ಚಿಯ ಮುಂದೆ ತಟ್ಟೆ ಇಡುತ್ತಾಳೆ, ಬಾಗಿಲಿಗೆ ಚಿಲಕ ಹಾಕುವುದಿಲ್ಲ. ತಾನು ಮಾತ್ರ ಕೂರದೆ, ನಿಂತೇ ಎಲ್ಲರಿಗೂ ಬಡಿಸುತ್ತಾಳೆ. ಕೊನೆಗೊಂದು ವರ್ಷ ಬಾಗಿಲು ಬಡಿದ ಸದ್ದು. ಅವಳು ಹೋಗಿ ಹಿಡಿಯ ಮೇಲೆ ಕೈ ಇಡುತ್ತಾಳೆ. ಅಷ್ಟಕ್ಕೆ ನಮ್ಮ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಲೆನ್ಸಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಗೋಡೆಯ ಮೇಲಿನ ಬಾಗಿಲು ಹೋಗಿ ಮಂಕು ಬೆರಳುಗಳು, ಸಂದಿಯಲ್ಲಿ ಒಂದಿಷ್ಟು ಬೆಳಕು.

"ಹೀ ಕೇಮ್ ಹೋಮ್, ಗರ್ಲ್ಸ್. ಲೈಟ್ಸ್."

ಮಾರನೆಯ ದಿನ ಬೋರ್ಡಿನ ಮೇಲೆ ದುಂಡು ಅಕ್ಷರದಲ್ಲಿ 'ಲೆಸನ್ಸ್ ಫಾರ್ ಅವರ್ ಹೋಮ್ಸ್' ಎಂದು ಬರೆಯುತ್ತಿದ್ದರು. ಮೊದಲನೆಯದು ಯಾವಾಗಲೂ ಇದೇ: ಎ ಫ್ಯಾಮಿಲಿ ಆಲ್ವೇಸ್ ಕೀಪ್ಸ್ ಎ ಪ್ಲೇಟ್. ನಾನದನ್ನು ನೀಟಾಗಿ ಕಾಪಿ ಮಾಡಿಕೊಂಡೆ. ನಂಬಿಯೂಬಿಟ್ಟೆ.

ಓದು ಮುಗಿಸಿ ಹೊಳೆನರಸೀಪುರದ ಮನೆಗೆ ಮರಳಿದ ವರ್ಷ ನನ್ನ ತಮ್ಮ ಕಾಣೆಯಾದ. ಅವನಿಗೆ ಹತ್ತೊಂಬತ್ತು. ಅರಕಲಗೂಡಿನ ಚಿಕ್ಕವ್ವನಿಗೆ ಕೊಟ್ಟು ಬಾ ಎಂದು ಅವ್ವ ಕಜ್ಜಾಯದ ಡಬ್ಬಿ ಕೊಟ್ಟು ಕಳಿಸಿದ್ದಳು. ಅರಕಲಗೂಡಿನಲ್ಲಿ ಅವನು ಬಸ್ಸಿಳಿದದ್ದನ್ನು ನೋಡಿದವರಿದ್ದಾರೆ. ಚಿಕ್ಕವ್ವ ಬಾಗಿಲು ತೆರೆದಾಗ ಜಗಲಿಯ ಮೇಲೆ ಡಬ್ಬಿ ಇತ್ತು. ಇನ್ನೂ ಬೆಚ್ಚಗಿತ್ತಂತೆ. ಅವನಿರಲಿಲ್ಲ. ಕೆರೆ, ಬಾವಿ, ಆಸ್ಪತ್ರೆ, ಪೊಲೀಸು, ಎಲ್ಲೂ ಏನೂ ಸಿಗಲಿಲ್ಲ.

ಅವನದೊಂದು ಕೆಟ್ಟ ಚಾಳಿಯಿತ್ತು. ಉಂಡ ಎಲೆಯನ್ನು ನಾವು ನಮ್ಮ ಕಡೆಗೆ ಮಡಚುತ್ತೇವೆ, ಆಚೆಗೆ ಮಡಚುವುದು ಸಾವಿನ ಮನೆಯಲ್ಲಿ ಮಾತ್ರ. ಇವನು ಮದುವೆ ಮನೆಯಲ್ಲೂ ಆಚೆಗೇ ಮಡಚುತ್ತಿದ್ದ. "ಲೇ, ಯಾರ್ ಸತ್ತೋರು ಅಂತ ಅಂಗ್ ಮಡುಸ್ತೀಯಲಾ?" ಎಂದು ಅವ್ವ ಬೈದರೆ, "ಸದ್ಯಕ್ ಯಾರೂ ಇಲ್ಲ ಕಣವ್ವ" ಎಂದು ನಗುತ್ತಿದ್ದ.

ಅವ್ವ ಅನ್ನ ಬಿಟ್ಟಾಗ ನಾನು ಆ ಸಿನಿಮಾದ ಕತೆಯನ್ನು ಕನ್ನಡದಲ್ಲಿ ಹೇಳಿದೆ. ಕೇಳುತ್ತಾ ಅವಳು ಎದ್ದು ಕೂತಳು.

"ಕೊನೀಗ್ ಬಂದ್ನಾ?"

"ಬಂದ, ಅವ್ವ."

"ನೀನೇ ಕಣ್ಣಾರೆ ನೋಡ್ದ್ಯಾ?"

"ಹೂಂ."

ಅವತ್ತಿನಿಂದ ಮೂವತ್ತು ವರ್ಷ ಅವ್ವ ದಿನವೂ ಅವನ ತಟ್ಟೆ ಇಟ್ಟಳು. ಬೀದಿ ಬಾಗಿಲಿಗೆ ಚಿಲಕ ಹಾಕಗೊಡಲಿಲ್ಲ. ನಾವೆಲ್ಲ ಆ ತಟ್ಟೆಯ ಮುಂದೆ ದನಿ ತಗ್ಗಿಸಿ ಉಂಡೆವು. ಎರಡನೇ ಸಲ ಸಾರು ಕೇಳಲೂ ಒಂಥರಾ ಗಿಲ್ಟ್. ಅವ್ವ ಉಣ್ಣುತ್ತಿದ್ದುದು ಕೊನೆಗೆ, ಅದೇ ತಟ್ಟೆಯ ಆರಿದ ಅನ್ನವನ್ನು, ಅಡುಗೆಮನೆಯಲ್ಲಿ ನಿಂತುಕೊಂಡು. ಕೊನೆಗಾಲದಲ್ಲಿ ಚನ್ನರಾಯಪಟ್ಟಣದ ಅಕ್ಕನ ಮನೆಗೆ ಹೋದಾಗ ತಟ್ಟೆಯೂ ಜೊತೆಗೆ ಹೋಯಿತು. ಅವ್ವ ತೀರಿಕೊಂಡ ಮೇಲೂ ಅಕ್ಕ ಚಿಲಕ ಹಾಕುವುದಿಲ್ಲ.

ಈ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರವಾದಾಗ ಅಕ್ಕ ಫೋನ್ ಮಾಡಿದಳು. ಅವತ್ತು ಹಿರಿಯರಿಗೆ ಎಡೆ. ಸತ್ತವರ ಇಷ್ಟದ ಅಡುಗೆಯನ್ನು ಎಲೆಗೆ ಬಡಿಸಿ, ಸಾಂಬ್ರಾಣಿ ಹಾಕಿ, ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗುವಷ್ಟು ಹೊತ್ತು.

"ಈ ಸಲ ಅವ್ನಿಗೂ ಒಂದೆಲೆ ಇಕ್ಕಾನ ಕಣೆ. ಸತ್ತಿದ್ರೆ ಐವತ್ ವರ್ಷದಿಂದ ಅಸ್ಕೊಂಡವ್ನೆ."

"ಬದುಕಿದ್ದರೆ? ಬದುಕಿರೋರಿಗೆ ಎಡೆ ಇಟ್ಟರೆ ನಾವೇ ಕೊಂದ ಹಾಗಲ್ವೇನೆ, ಅಕ್ಕ?"

"ನಿನ್ ಕಾನ್ವೆಂಟ್ ಕತೆ ಕೇಳ್ಕೊಂಡು ಅವ್ವ ಸತ್ಲು. ಇನ್ನು ನಾನೂ ಅಂಗೇ ಕಾಯ್ಕಂಡು ಓಗ್ಬೇಕಾ?"

ಬರ್ತೀನಿ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ದಸರಾ ರಜೆಗೆ ಮೊಮ್ಮಗಳು ಬಂದಿದ್ದಳು. ಅವಳಿಗೂ ಅದೇ ಕತೆ ಹೇಳಿದ್ದೆನಲ್ಲ, ಇಂಟರ್ನೆಟ್ಟಿನಲ್ಲಿ ಹುಡುಕಿ ಸಿನಿಮಾ ಹಿಡಿದೇಬಿಟ್ಟಳು. ಅಮಾವಾಸ್ಯೆಯ ಬೆಳಿಗ್ಗೆ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಅವಳ ಫೋನಿನಲ್ಲಿ ಕೊನೆಯ ಭಾಗ ಹಾಕಿಕೊಂಡೆವು; ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನದಕ್ಕೆ. ಶಾಂತಿಗ್ರಾಮ ದಾಟುವ ಹೊತ್ತಿಗೆ ಬಾಗಿಲು ಬಡಿದ ಸದ್ದು ಬಂತು. ನಾನು ಮದರ್ ಅವರ ಅಂಗೈಗಾಗಿ ಕಾದೆ. ಬರಲಿಲ್ಲ.

ಬಾಗಿಲು ತೆರೆಯಿತು. ಯಾರೂ ಇಲ್ಲ. ಹಿಮದಲ್ಲಿ ಹೆಜ್ಜೆಗಳು ಗೇಟಿನಿಂದ ಹೊಸ್ತಿಲವರೆಗೆ ಬಂದಿವೆ. ವಾಪಸು ಹೋದ ಹೆಜ್ಜೆ ಒಂದೂ ಇಲ್ಲ. ತಾಯಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಒಳಗೆ ಬಂದು, ಮೊದಲ ಸಲ, ಮಗನ ಕುರ್ಚಿಯಲ್ಲಿ ಕೂತಳು. ಅವನ ತಟ್ಟೆ ಎಳೆದುಕೊಂಡು ಊಟ ಮಾಡಿದಳು. ಅವಳು ಉಣ್ಣುವುದನ್ನು ನೋಡಿ ಉಳಿದವರೂ ಸ್ಪೂನ್ ಎತ್ತಿಕೊಂಡರು. ದಿ ಎಂಡ್.

"ಅಜ್ಜಿ, ಬಂದ ಅಂದಿದ್ರಿ?"

ನಾನು ಇಯರ್‌ಫೋನ್ ತೆಗೆದು ಅವಳ ಕೈಗಿಟ್ಟೆ.

ಅಕ್ಕನ ಮನೆಯ ಕೋಣೆಯಲ್ಲಿ ಅಪ್ಪನಿಗೆ, ಅವ್ವನಿಗೆ ಎಡೆ ಇಟ್ಟೆವು. ಮೂರನೆಯ ಎಲೆ ಹಿಡಿದು ಅಕ್ಕ ನನ್ನ ಮುಖ ನೋಡಿದಳು. ಅದನ್ನು ಅವಳ ಕೈಯಿಂದ ತೆಗೆದುಕೊಂಡು ಹೊರಗೆ ನಡುಮನೆಯಲ್ಲಿ, ನಮ್ಮ ಎಲೆಗಳ ಸಾಲಿನಲ್ಲಿ ಹಾಕಿದೆ.

"ಇದೇನೆ, ಬದುಕಿರೋರ್ ಪಂಕ್ತೀಲಿ ಕೂರುಸ್ತೀಯಾ ಅವನ್ನ?"

"ಇಲ್ಲ. ನಾನು ಕೂರ್ತೀನಿ."

ಕೋಣೆಯ ಬಾಗಿಲು ಮುಚ್ಚಿ ಕಾದೆವು. ಪಕ್ಕದ ಮನೆಯ ಕುಕ್ಕರ್ ಕೂಗಿ ನಿಂತಿತು. ಬಾಗಿಲ ಕೆಳಗಿಂದ ಸಾಂಬ್ರಾಣಿ ಹೊಗೆ ತೆವಳಿ ಬರುತ್ತಿತ್ತು. ಹೊರಗೆ ಗಾಳಿ ಇರಲಿಲ್ಲ, ಆದರೂ ಬೀದಿ ಬಾಗಿಲು ಒಂದು ಗೇಣು ತೆರೆದುಕೊಂಡಿತು. ನಾವು ಮೂವರೂ ನೋಡಿದೆವು. ಸ್ವಲ್ಪ ಹೊತ್ತಿಗೆ ಅಕ್ಕ ಒಳಗಿರುವ ಹಿರಿಯರಿಗೆ ತಿಳಿಯಲೆಂದು ಚಪ್ಪಾಳೆ ತಟ್ಟಿ ಕೋಣೆಗೆ ಹೋಗಿ ಕೈಮುಗಿದು ಬಂದಳು.

ತಮ್ಮನ ಎಲೆಯ ಮುಂದೆ ಕೂತು ನಾನು ಹೊಟ್ಟೆ ತುಂಬ ಉಂಡೆ. ಶುಗರ್ ಇದ್ದರೂ ಎರಡು ಕಜ್ಜಾಯ ತಿಂದೆ. ಮೊಮ್ಮಗಳು ಎರಡನೇ ಸಲ ಪಾಯಸ ಕೇಳಿದಳು, ಅಕ್ಕ ನಗುತ್ತಾ ಬಡಿಸಿದಳು. ಆ ಮನೆಯಲ್ಲಿ ಊಟದ ಹೊತ್ತಿಗೆ ಅಂಥ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ಇದ್ದಕ್ಕಿದ್ದಂತೆ ಅಕ್ಕನ ನಗು ನಿಂತಿತು. ಅವಳು ನೋಡುತ್ತಿದ್ದುದು ನನ್ನ ಎಲೆಯನ್ನು. ನಾನೂ ನೋಡಿದೆ. ಎಪ್ಪತ್ತು ವರ್ಷದಿಂದ ನನ್ನ ಕಡೆಗೆ ಮಡಚಿದ ಕೈ ಅವತ್ತು ಎಲೆಯನ್ನು ಆಚೆಗೆ ಮಡಚಿತ್ತು. ಯಾವಾಗ ಮಡಚಿದೆನೋ ನನಗೆ ನೆನಪಿಲ್ಲ.

ಅಕ್ಕ ಬಗ್ಗಿ ಆ ಎಲೆಯ ಮೇಲೆ ಅಂಗೈ ಇಟ್ಟಳು. "ಸದ್ಯ, ಉಂಡ," ಎಂದಳು. ಆಮೇಲೆ ಮೆಲ್ಲಗೆ, "ಮುಂದಿನ್ ವರ್ಷ ಒಳಗೇ ಇಕ್ಕಾನ."

"ಇಕ್ಕಾನ, ಅಕ್ಕ."

ಕೈ ತೊಳೆದುಕೊಂಡು ನಾನೇ ಹೋಗಿ ಬೀದಿ ಬಾಗಿಲು ಮುಂದಕ್ಕೆ ತಳ್ಳಿದೆ. ತುಕ್ಕು ಹಿಡಿದ ಚಿಲಕ ಸುಲಭಕ್ಕೆ ಜರುಗಲಿಲ್ಲ, ಎರಡೂ ಕೈ ಬೇಕಾಯಿತು. ಹೊಸ್ತಿಲ ಆಚೆ ಮಾತ್ರ ನೋಡಲಿಲ್ಲ.