ಅಪ್ಪ ತಳ್ಳಿದ ಟಬ್ಬು

ಕೀಲೆಣ್ಣೆಯ ವಾಸನೆ ಯಾರಿಗಾದರೂ ಹಿತವಾಗುವುದುಂಟೆ? ನನಗೆ ಆಗುತ್ತದೆ, ಏನು ಮಾಡಲಿ! ಮೊನ್ನೆ ನಮ್ಮ ಗೇಟು ಕಿರುಗುಟ್ಟುತ್ತದೆಂದು ವೆಲ್ಡಿಂಗ್ ಅಂಗಡಿಯವನು ಬಂದು ಕೀಲಿಗೆ ಕರೀ ಗ್ರೀಸು ಮೆತ್ತಿ ಹೋದ. ಅವನು ಹೋಗಿ ಅರ್ಧ ದಿನವಾದರೂ ನಾನು ಏನಾದರೊಂದು ನೆಪ ಮಾಡಿಕೊಂಡು ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಸೊಪ್ಪಿನವಳು ಬಂದಳೇ ಎಂದು ಒಮ್ಮೆ, ಪೋಸ್ಟಿನವನು ಬಂದನೇ ಎಂದು ಇನ್ನೊಮ್ಮೆ. ಯಾರೂ ಬರುವವರಿರಲಿಲ್ಲ. ಆ ವಾಸನೆಯೊಳಗೆ ಶಿಕಾರಿಪುರದ ನಮ್ಮ ಹಳೆಯ ಮನೆ ಇತ್ತು, ನಡುಮನೆಯ ಮೂಲೆಯ ತಗಡಿನ ಟ್ರಂಕು ಇತ್ತು, ಟ್ರಂಕಿನೊಳಗೆ ಎಷ್ಟು ಒಗೆದರೂ ಗ್ರೀಸಿನ ಕಪ್ಪು ಬಿಡದ ಅಪ್ಪನ ಖಾಕಿ ಅಂಗಿ ಇತ್ತು. ಮನೆಯಿದ್ದ ಜಾಗದಲ್ಲಿ ಈಗ ಎರಡಂತಸ್ತಿನ ಬಟ್ಟೆ ಅಂಗಡಿ ನಿಂತಿದೆ. ನಿಮ್ಮ ಮನೆಯೂ ಹೀಗೆಯೇ ಹೋಗಿರಬಹುದು. ಅದರೊಳಗೆ ಹೋಗಿಬರಲು ನಿಮಗೂ ಇಂಥದೇ ಒಂದು ಕಿಂಡಿ ಉಳಿದಿರಬಹುದು.

ಅಪ್ಪ ದೂರದ ತೆಲುಗು ಸೀಮೆಯ ಒಂದು ಕಲ್ಲಿದ್ದಲ ಗಣಿಯಲ್ಲಿದ್ದ. ನೆಲದೊಳಗಲ್ಲ, ಮೇಲೆ, ಗಣಿಬಾವಿಯ ಬಾಯಲ್ಲಿ. ಬಾವಿಯಿಂದ ಕಬ್ಬಿಣದ ಬೋನೊಂದು ಮೇಲೆ ಬರುತ್ತಿತ್ತಂತೆ. ಅದರೊಳಗೆ ಕಲ್ಲಿದ್ದಲು ತುಂಬಿದ, ನಾಲ್ಕು ಚಕ್ರದ ಕಬ್ಬಿಣದ ತೊಟ್ಟಿ. ಅದಕ್ಕೆ ಟಬ್ಬು ಅನ್ನುತ್ತಿದ್ದರು. ತುಂಬಿದ ಟಬ್ಬನ್ನು ಬೋನಿನಿಂದ ಹೊರಗೆ ತಳ್ಳಿ, ಖಾಲಿ ಟಬ್ಬನ್ನು ಒಳಗೆ ತಳ್ಳಿ, ಗಂಟೆ ಹೊಡೆದು ಕೆಳಗೆ ಕಳಿಸುವುದು ಅಪ್ಪನ ಕೆಲಸ. ಬೆಳಗಿಂದ ಸಂಜೆಯವರೆಗೆ ತಳ್ಳುವುದು, ತಳ್ಳುವುದು. ಎಡಗೈಯ ಎರಡು ಬೆರಳು ಆ ಟಬ್ಬುಗಳ ನಡುವೆಯೇ ಹೋಗಿದ್ದವು. ಗಂಟೆಯ ಲೆಕ್ಕವನ್ನು ನನಗೂ ತಮ್ಮ ನಾಗನಿಗೂ ಮಗ್ಗಿಗಿಂತ ಮೊದಲೇ ಕಲಿಸಿದ್ದ. "ಒಂದು ಹೊಡದ್ರೆ ನಿಲ್ಸು. ಎರಡು ಹೊಡದ್ರೆ ಇಳ್ಸು. ಮೂರು ಹೊಡದ್ರೆ ಒಳಗೆ ಮನುಷ್ಯರು ಅದಾರೆ ಅಂತ. ಆವಾಗ ಬೋನು ಹೂವಿನಂಗೆ ಹೋಗ್ಬೇಕು."

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಸಲ ರಜೆಗೆ ಬಂದಾಗ ಅಪ್ಪ ದೊಡ್ಡ ಸುದ್ದಿ ತಂದಿದ್ದ. ಬಾವಿಯ ಬಾಯಿಗೆ ಯಂತ್ರ ಬರುತ್ತದೆ. ಇನ್ನು ಟಬ್ಬಿಗೆ ಯಾರೂ ಕೈ ಹಾಕುವ ಹಾಗಿಲ್ಲ. ಹಿಂದಿನಿಂದ ಕಬ್ಬಿಣದ ತೋಳೊಂದು ಖಾಲಿ ಟಬ್ಬನ್ನು ಬೋನಿಗೆ ನೂಕುತ್ತದೆ, ಖಾಲಿಯದು ತುಂಬಿದ್ದನ್ನು ಆ ಕಡೆಗೆ ನೂಕುತ್ತದೆ. ತುಂಬಿದ್ದು ಇಳಿಜಾರಿನ ಹಳಿಯ ಮೇಲೆ ತಾನೇ ಉರುಳಿ ಹೋಗಿ ಒಂದು ದೊಡ್ಡ ಉರುಳೆಯೊಳಗೆ ಹೊಕ್ಕರೆ, ಆ ಉರುಳೆ ಅದನ್ನು ತಲೆಕೆಳಗು ಮಾಡಿ ಕಲ್ಲಿದ್ದಲು ಸುರಿಸಿಕೊಳ್ಳುತ್ತದೆ. ಖಾಲಿಯಾದದ್ದು ಮತ್ತೆ ಇಳಿಜಾರಿನಲ್ಲಿ ಉರುಳಿ ತಗ್ಗಿಗೆ ಬರುತ್ತದೆ. ಅಲ್ಲಿ ನೆಲದೊಳಗೆ ಹರಿಯುವ ಸರಪಳಿಯ ಕೊಕ್ಕೆ ಅದರ ಅಚ್ಚನ್ನು ಹಿಡಿದು ಏರಿಗೆ ಎಳೆದು ತಂದು, ಬೋನಿನ ಹಿಂದೆ ಸರದಿಗೆ ನಿಲ್ಲಿಸುತ್ತದೆ. ಇಪ್ಪತ್ತು ಜನರ ಕೆಲಸಕ್ಕೆ ನಾಲ್ಕು ಜನ ಸಾಕು. ಆ ನಾಲ್ವರಲ್ಲಿ ಅಪ್ಪನೂ ಒಬ್ಬ! ಅವನಿಗೆ ಕುರ್ಚಿ, ಮುಂದೆ ಆ ತೋಳನ್ನು ಆಡಿಸುವ ಲಿವರು, ಇರಲು ಕ್ವಾರ್ಟರ್ಸು. ಮುಂದಿನ ಬೇಸಿಗೆಗೆ ಬಂದು ನಮ್ಮನ್ನೆಲ್ಲ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಹೋಗಿದ್ದ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವ್ವ ಗಂಡನ ಜೊತೆ ಒಟ್ಟಿಗೆ ಇದ್ದದ್ದು ವರ್ಷಕ್ಕೊಂದು ತಿಂಗಳು ಮಾತ್ರ. ಅವಳು ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಂಡಳು.

ಆ ಬೇಸಿಗೆ ಬಂತು. ಅವ್ವ ಎಮ್ಮೆಯನ್ನು ಸೊರಬದ ತನ್ನ ತವರಿಗೆ ಕಳಿಸಿದಳು. ಚಂದ್ರಗುತ್ತಿಗೆ ಹೋಗಿ ಗುಡ್ಡದ ದೇವಿಗೆ ಉಡಿ ತುಂಬಿ ಬಂದಳು. ಶಾಲೆಯಿಂದ ನನ್ನ ಟೀಸಿ ತೆಗೆಸಿದಳು. ನಾನಾದರೋ ಟೀಸಿಯನ್ನು ಬೀದಿಗೆಲ್ಲ ತೋರಿಸಿದೆ. ನಮ್ಮ ಕ್ವಾರ್ಟರ್ಸಿನಲ್ಲಿ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ನಲ್ಲಿ ತಿರುಗಿಸಿದರೆ ನೀರು ಬರುತ್ತದೆ, ನೀವು ಇಲ್ಲೇ ಬಾವಿ ಸೇದಿಕೊಂಡಿರಿ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅಪ್ಪ ಬಂದ. ಬಂದವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಜಗುಲಿಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಜಗುಲಿಗೆ. ಉಣ್ಣಲು ಕೂತರೂ ಎಡಗಾಲು ಆಡುತ್ತಲೇ ಇರುತ್ತಿತ್ತು. "ಯಾಕೋ ಬಸ್ಯಾ, ಕುಂಡಿ ಕೆಳಗೆ ಮುಳ್ಳೈತೇನೋ? ಒಂದ್ ಕಡೆ ಕುಂತ್ಕಾಬಾರ್ದಾ?" ಎಂದು ಅಜ್ಜಿ ಬೈಯುತ್ತಿದ್ದಳು. ಅವ್ವ ಮಾತ್ರ ದಿನಕ್ಕೊಂದು ಸಲ, ಅದೂ ಮೆಲ್ಲಗೆ, "ರೀ, ಯಾವತ್ತು ಹೊರಡಾದು?" ಎಂದು ಕೇಳುತ್ತಿದ್ದಳು. "ಕಾಗದ ಬರ್ಲಿ ತಡಿ. ಕ್ವಾರ್ಟರ್ಸು ಖಾಲಿ ಆಗ್ಬೇಕಲ್ಲ," ಎಂದು ಅಪ್ಪ ಎದ್ದು ಹೋಗುತ್ತಿದ್ದ. ಒಂದು ವಾರವಾಯಿತು, ಎರಡಾಯಿತು. ಕಾಗದ ಬರಲಿಲ್ಲ. ಟ್ರಂಕಿಗೆ ತುಂಬಿದ್ದ ನಮ್ಮ ಬಟ್ಟೆಗಳನ್ನು ಅವ್ವ ಒಂದೊಂದಾಗಿ ಹೊರತೆಗೆದು ಉಡಿಸಿ, ಒಗೆದು, ಮತ್ತೆ ಮಡಿಸಿ ತುಂಬುತ್ತಿದ್ದಳು. ನಾನಂತೂ ದಿನವೂ ಟೀಸಿಯನ್ನು ತೆಗೆದು ನೋಡಿ ಮತ್ತೆ ಇಡುತ್ತಿದ್ದೆ. ಈ ಊರಿನ ಶಾಲೆ ನನ್ನದಲ್ಲ, ಆ ಊರಿನ ಶಾಲೆ ಇನ್ನೂ ನನ್ನದಾಗಿಲ್ಲ.

ಒಂದು ಮಧ್ಯಾಹ್ನ ನಾನೇ ಹಠ ಹಿಡಿದೆ. "ಅಪ್ಪಾ, ಯಂತ್ರ ಹೆಂಗೆ ನಡೀತತಿ ತೋರ್ಸು." ಅಪ್ಪ ಮೊದಲು ಒಲ್ಲೆನೆಂದ. ಆಮೇಲೆ ಏನನ್ನಿಸಿತೋ, ಪಂಚೆ ಎತ್ತಿ ಕಟ್ಟಿಯೇಬಿಟ್ಟ. ಹಿತ್ತಿಲ ಬಾಗಿಲೇ ಬೋನಾಯಿತು. ನಾಗ, ಪಕ್ಕದ ಮನೆಯ ತಗಡು ಕೆಲಸದವರ ಮಗ ಕರೀಮ, ಅವನ ಇಬ್ಬರು ತಂಗಿಯರು, ಇವರೆಲ್ಲ ಟಬ್ಬುಗಳು. ಬಾಗಿಲಲ್ಲಿ ನಿಂತ ಟಬ್ಬಿನ ಕೈಗೆ ಒಂದು ಮಾವಿನಕಾಯಿ ಕೊಟ್ಟರೆ ಅದು ತುಂಬಿದ ಹಾಗೆ. ಅಜ್ಜಿ ಉರುಳೆ, ಅವಳ ಮುಂದೆ ಬಂದು ಬಗ್ಗಿ ಮಾವಿನಕಾಯಿಯನ್ನು ಬುಟ್ಟಿಗೆ ಹಾಕಬೇಕು. ಆಮೇಲೆ ಓಣಿಯಲ್ಲಿ ಸುತ್ತಿ ಓಡಿಬಂದರೆ ಅಪ್ಪ ಹಗ್ಗ ಹಾಕಿ ಮುಂಬಾಗಿಲ ಮೆಟ್ಟಿಲು ಹತ್ತಿಸಿ ಎಳೆದುಕೊಳ್ಳುತ್ತಿದ್ದ, ಅವನೇ ಸರಪಳಿ. ನನ್ನನ್ನು ನಡುಮನೆಯ ಮಣೆಯ ಮೇಲೆ ಕೂರಿಸಿ, ಒನಕೆ ನಿಲ್ಲಿಸಿ ಕೈಗೆ ಕೊಟ್ಟ. "ಇದು ಲಿವರು. ಹಿಂಗೆ ಎಳದ್ರೆ ಹಿಂದಿನ ಟಬ್ಬು ಮುಂದಕ್ಕೆ ಹೋಗ್ತತಿ. ಏನೇ ಆದ್ರೂ ನೀನು ಏಳಂಗಿಲ್ಲ. ಕೈ ಹಾಕಂಗಿಲ್ಲ. ತಿಳೀತಾ?" ತಿಳಿಯಿತು ಎಂದೆ. ಅಯ್ಯೋ, ಆ ಆಟ ಎಷ್ಟು ಚೆನ್ನಾಗಿ ನಡೆಯಿತು! ನಾನು ಒನಕೆ ಎಳೆಯುವುದು, ಹಿಂದಿನವನು ಮುಂದಿನವನನ್ನು ನೂಕುವುದು, ಅಜ್ಜಿ "ಬಿತ್ತು, ಬಿತ್ತು" ಎಂದು ಬುಟ್ಟಿ ಒಡ್ಡುವುದು. ಬಂದ ಮೇಲೆ ಅಪ್ಪ ಮೊದಲ ಸಲ ನಕ್ಕದ್ದು ಆ ಹೊತ್ತಿನಲ್ಲೇ.

ನಾಗ ಬಾಗಿಲಿಗೆ ಬಂದಾಗ ಅವನ ಚಡ್ಡಿಯ ಜೇಬು ಚಿಲಕಕ್ಕೆ ಸಿಕ್ಕಿಕೊಂಡಿತು. ಎಷ್ಟು ಎಳೆದಾಡಿದರೂ ಬಿಡದು, ಮುಖ ಅಳುವಂತಾಯಿತು. ನಾನು ಒನಕೆಯನ್ನು ಅಲ್ಲೇ ಬಿಟ್ಟು ಎದ್ದು ಓಡಿ, ಎರಡೂ ಕೈಯಿಂದ ಅವನ ಬೆನ್ನಿಗೆ ನೂಕಿದೆ. ಅಷ್ಟರಲ್ಲಿ ಹಿಂದಿನಿಂದ ಕರೀಮ ಬಂದು ನನಗೆ ಗುದ್ದಿದ, ಅವನ ಮೇಲೆ ಅವನ ತಂಗಿಯರು. ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಮಾವಿನಕಾಯಿ ಹಿತ್ತಿಲೆಲ್ಲ ಉರುಳಿದವು. ನಾವು ಬಿದ್ದಲ್ಲೇ ನಗುತ್ತಿದ್ದೆವು.

"ಕೈ ತೆಗಿ!" ಎಂದು ಅಪ್ಪ ಗುಡುಗಿದ. ಅಂಥ ದನಿ ಅವನಿಗಿದೆ ಎಂದು ನನಗೆ ಗೊತ್ತಿರಲಿಲ್ಲ. "ಲಿವರ್ ಬಿಟ್ಟು ಯಾಕೆ ಎದ್ದೆ? ಯಾಕೆ ಎದ್ದೆ ಹೇಳು!"

ನನ್ನ ಬಾಯಿ ಆಗಲೂ ಸುಮ್ಮನಿರುವಂಥದಲ್ಲ. "ತಮ್ಮ ಸಿಕ್ಕಂಡಿದ್ದ. ಅದನ್ನ ನೋಡ್ಕಂತ ಕುಂತಿರ್ಬೇಕಿತ್ತಾ?" ಎಂದೆ.

ಹೊಡೆಯುತ್ತಾನೆಂದು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ಹಗ್ಗ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಸಿದು ಕೂತಿದ್ದ. "ನಾನೂ ಸಾಹೇಬ್ರಿಗೆ ಅದನ್ನೇ ಅಂದೆ," ಎಂದ.

ಅಡುಗೆಮನೆಯ ಬಾಗಿಲಲ್ಲಿ ಅವ್ವ ಮೊರ ಹಿಡಿದು ನಿಂತಿದ್ದಳು. "ಯಾವ ಸಾಹೇಬ್ರಿಗೆ? ಯಾವಾಗ?" ಎಂದು ಕೇಳಿದಳು.

ಹಾಗೆ ಹೊರಬಿತ್ತು. ಬೋನಿನ ಹೊಸ್ತಿಲಿನಲ್ಲಿ ಒಂದು ಟಬ್ಬು ಸಿಕ್ಕಿಕೊಂಡಿತ್ತು. ಗಂಟೆ ಹೊಡೆದು, ಯಂತ್ರ ನಿಲ್ಲಿಸಿ, ಮೇಸ್ತ್ರಿಯನ್ನು ಕರೆಸಬೇಕು, ಅದು ನಿಯಮ. ಅಪ್ಪ ಲಿವರು ಬಿಟ್ಟು ಹೋಗಿ ಭುಜ ಕೊಟ್ಟು ತಳ್ಳಿದ. ಹದಿನೈದು ವರ್ಷ ಹಾಗೇ ತಳ್ಳಿದವನು. ಅಷ್ಟರಲ್ಲಿ, ನಿಲ್ಲಿಸದೆ ಬಿಟ್ಟ ಸರಪಳಿ ಎಳೆದು ತಂದ ಹಿಂದಿನ ಟಬ್ಬುಗಳು ಒಂದರ ಹಿಂದೊಂದು ಬಂದು ಗುದ್ದಿ, ಹಳಿ ತಪ್ಪಿ ರಾಶಿ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ, ಅದೇ ಪುಣ್ಯ. ಗಣಿ ಅರ್ಧ ದಿನ ನಿಂತಿತು. ಹಿಂದೆ ಎರಡು ಸಲ ಅಪ್ಪ ಇದೇ ತಪ್ಪಿಗೆ ಬೈಸಿಕೊಂಡಿದ್ದ. ಮೂರನೆಯದಕ್ಕೆ ಕೆಲಸ ಹೋಯಿತು, ಅದರ ಹಿಂದೆಯೇ ಕ್ವಾರ್ಟರ್ಸೂ ಹೋಯಿತು. ಬರುವ ಕಾಗದ ಯಾವುದೂ ಇರಲಿಲ್ಲ.

"ಅದು ನಿಂತ್ರೆ ನಿಲ್ಲಲಿ ಅಂತ ಬಿಡಾಕಾಗ್ಲಿಲ್ವೇನ್ರಿ?" ಎಂದಳು ಅವ್ವ.

"ನಿಂತಿದ್ದನ್ನ ನೋಡ್ಕಂತ ಹೆಂಗೆ ಕುಂತಿರ್ಲೇ?" ಎಂದ ಅಪ್ಪ.

ಅವ್ವ ಅಳಲಿಲ್ಲ. ಮೊರ ಕೆಳಗಿಟ್ಟು ಟ್ರಂಕಿನ ಬಟ್ಟೆಯನ್ನೆಲ್ಲ ತೆಗೆದು ಗೂಟಕ್ಕೆ ಹಾಕಿದಳು. ಮರುದಿನ ಸೊರಬಕ್ಕೆ ಹೋಗಿ ಎಮ್ಮೆಯನ್ನು ಹೊಡೆದುಕೊಂಡು ಬಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಜ್ಜಿ ವಾರಗಟ್ಟಲೆ ಗೊಣಗಿದಳು. ಜೂನ್ ತಿಂಗಳಲ್ಲಿ ನಾನು ಅದೇ ಟೀಸಿ ಹಿಡಿದು ಅದೇ ಶಾಲೆಗೆ, ಅದೇ ಗೆಳತಿಯರ ನಡುವೆ ಹೋಗಿ ಕೂತೆ. "ಏನೇ, ನಲ್ಲಿ ನೀರು ಬತ್ತಿ ಹೋತಾ?" ಎಂದು ಒಬ್ಬಳು ಕೇಳಿದಳು. ಆ ಸಿಟ್ಟನ್ನೆಲ್ಲ ನಾನು ಅಪ್ಪನ ಮೇಲೆ ಇಟ್ಟುಕೊಂಡೆ, ಒಂದೆರಡು ದಿನವಲ್ಲ, ಬಹಳ ವರ್ಷ.

ಅಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಕೆಲಸಕ್ಕೆ ಸೇರಿದ. ಗಣಿಯ ಮಾತೆತ್ತುವುದನ್ನು ಬಿಟ್ಟ. ಆದರೆ ಆ ಊರಿನಲ್ಲಿ ನಿಂತುಹೋದ ಬಸ್ಸನ್ನಾಗಲಿ, ಕೆಸರಿನಲ್ಲಿ ಹೂತ ಗಾಡಿಯನ್ನಾಗಲಿ ಕಂಡು ಅವನು ತಳ್ಳದೆ ಹೋದದ್ದಿಲ್ಲ. ಪೇಟೆಯಲ್ಲಿ ಅಪ್ಪ ಪಂಚೆ ಎತ್ತಿ ಕಟ್ಟಿ ಬಸ್ಸಿಗೆ ಭುಜ ಕೊಡುವುದು ಕಂಡರೆ ನಾನು ಬೇರೆ ಓಣಿ ಹಿಡಿಯುತ್ತಿದ್ದೆ. ನಾಚಿಕೆಯಾಗುತ್ತಿತ್ತು.

ಎಷ್ಟೋ ವರ್ಷದ ಮೇಲೆ, ಅವ್ವನೂ ಅಜ್ಜಿಯೂ ಹೋದ ಮೇಲೆ, ಅಪ್ಪನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೆವು. ಮಧ್ಯಾಹ್ನದ ಹೊತ್ತು. ಆಪರೇಶನ್ನಿಗೆಂದು ಚಕ್ರದ ಮಂಚದ ಮೇಲೆ ಮಲಗಿಸಿ ಮೇಲಿನ ಮಹಡಿಗೆ ಒಯ್ಯುತ್ತಿದ್ದರು. ಹೊದಿಕೆಯ ಕೆಳಗೆ ಅವನ ಎಡಗಾಲು ಆಡುತ್ತಲೇ ಇತ್ತು. ಲಿಫ್ಟಿನ ಬಾಗಿಲು ತೆರೆಯಿತು. ಹೊಸ್ತಿಲ ಸಂದಿಗೆ ಮಂಚದ ಮುಂದಿನ ಚಕ್ರ ಸಿಕ್ಕಿಕೊಂಡು ನಿಂತುಬಿಟ್ಟಿತು. ನಾನು ಕೈಚೀಲ ಕೆಳಗೆ ಹಾಕಿ ಮಂಚಕ್ಕೆ ಭುಜ ಕೊಟ್ಟೆ. "ಅಮ್ಮಾ, ಕೈ ತೆಗೀರಿ, ನಾವು ತಳ್ತೀವಿ," ಎಂದ ಆಸ್ಪತ್ರೆಯವನು. ನಾನು ತೆಗೆಯಲಿಲ್ಲ. ತಳ್ಳಿದೆ. ಚಕ್ರ ಹೊಸ್ತಿಲು ದಾಟಿತು, ಮಂಚದ ಜೊತೆಗೇ ನಾನೂ ಒಳಗೆ ಹೋದೆ.

ಅಪ್ಪ ತಲೆ ಹೊರಳಿಸಿ ನನ್ನನ್ನೇ ನೋಡಿದ. ಲಿಫ್ಟಿನೊಳಗೆ ಗಂಟೆ ಒಂದು ಸಲ ಟಿಣ್ ಎಂದಿತು. ಅವನ ಹುಬ್ಬು ಗಂಟಿಕ್ಕಿತು. "ಒಂದೇ ಹೊಡೆದ್ರಲ್ಲೇ ಸರೋಜಿ," ಎಂದ, ತೀರ ಸಣ್ಣ ದನಿಯಲ್ಲಿ. "ಒಳಗೆ ಮನುಷ್ಯ ಅದಾನೆ ಅಂತ ಹೇಳು."

ಬಳೆಯ ಕೈಯಿಂದ ಮಂಚದ ಕಬ್ಬಿಣದ ಸರಳಿಗೆ ನಾನು ಮೂರು ಸಲ ಹೊಡೆದೆ. ಆಸ್ಪತ್ರೆಯವನು ನನ್ನ ಮುಖ ನೋಡಿದ. ಬಾಗಿಲು ಮುಚ್ಚಿ ಲಿಫ್ಟು ಮೆಲ್ಲಗೆ ಮೇಲಕ್ಕೆ ಹೊರಟಿತು, ಮತ್ತು ಅಪ್ಪನ ಕಾಲು ಆಡುವುದು ನಿಂತಿತು. ಮೊದಲ ಸಲ ಅವನು ತಾನು ತಳ್ಳದೆ, ಸುಮ್ಮನೆ ಮಲಗಿಕೊಂಡು ಹೋಗುತ್ತಿದ್ದ.